ಹತ್ತು ಎಣಿಸುವಷ್ಟು ಹೊತ್ತು

ಆ ಊರಿನಲ್ಲಿ ಬೆಳಗಾಗುವುದು ಸೂರ್ಯನಿಂದಲ್ಲ. ಸೂರ್ಯ ತನ್ನ ಪಾಡಿಗೆ ತಾನು ಹುಟ್ಟುತ್ತಾನೆ, ಕೋಳಿ ತನ್ನ ಪಾಡಿಗೆ ತಾನು ಕೂಗುತ್ತದೆ, ಆದರೆ ಮನೆಯ ಕಂಪ್ಯೂಟರ್ ಏಳುವವರೆಗೆ ಮನೆಯವರು ಏಳುವುದಿಲ್ಲ. ಒಂದು ಮನೆಗೆ ಒಂದೇ ಕಂಪ್ಯೂಟರ್, ಅದು ಊರಿನ ಕಟ್ಟಳೆ. ನಡುಮನೆಯಲ್ಲಿ ಮಣೆಯ ಮೇಲೆ ಕೆಂಪು ಬಟ್ಟೆ ಹೊದ್ದು ಕೂತಿರುತ್ತದೆ. ನಸುಕಿನಲ್ಲಿ ತಾನಾಗಿ ಕಣ್ಣು ಬಿಡುತ್ತದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಹೆಸರು ಮೂಡುತ್ತದೆ. ಯಾರ ಹೆಸರು ತೆರೆಯಿತೋ ಆ ದಿನ ಅವರದು.

ಒಂದೇ ಹೆಸರಿನ ಮನೆಗಳಿಗೆ ತೊಂದರೆಯಿಲ್ಲ. ಅಲ್ಲಿ ಹೆಸರು ಮೂಡುತ್ತದೆ, ತೆರೆಯುತ್ತದೆ, ಜನ ಆಕಳಿಸುತ್ತ ಎದ್ದು ಹಲ್ಲುಜ್ಜುತ್ತಾರೆ. ತೊಂದರೆ ಇರುವುದು ಎರಡು ಹೆಸರಿನ ಮನೆಗಳಲ್ಲಿ. ಅಲ್ಲಿ ಪರದೆಯ ಮೇಲೆ ಪಟ್ಟಿ ನಿಲ್ಲುತ್ತದೆ. ಮೇಲೊಂದು ಹೆಸರು, ಕೆಳಗೊಂದು ಹೆಸರು, ಮೂಲೆಯಲ್ಲಿ ಎಣಿಕೆ. ಹತ್ತು ಎಣಿಸುವಷ್ಟರಲ್ಲಿ ಯಾರಾದರೂ ಕೀಲಿ ಒತ್ತಿ ಕೆಳಗಿನ ಹೆಸರನ್ನು ಆರಿಸಿದರೆ ಕೆಳಗಿನವರು ಏಳುತ್ತಾರೆ. ಯಾರೂ ಒತ್ತದಿದ್ದರೆ ಮೇಲಿನವರು ಏಳುತ್ತಾರೆ. ಏಳದವರು ಗೋಡೆಯಾಚೆ ಮಲಗಿಯೇ ಇರುತ್ತಾರೆ. ಅವರಿಗೆ ಆ ದಿನ ಬಂದದ್ದೂ ತಿಳಿಯದು, ಹೋದದ್ದೂ ತಿಳಿಯದು. ಆ ದಿನದ ಮಟ್ಟಿಗೆ ಅವರಿಗೆ ವಯಸ್ಸೂ ಆಗುವುದಿಲ್ಲ.

ಮಲಗಿರುವವರು ಕೀಲಿ ಒತ್ತಲಾರರು. ಹಾಗಾಗಿ ಎರಡು ಹೆಸರಿನ ಮನೆಯಲ್ಲಿ ಹೆಸರಿಲ್ಲದವರು ಒಬ್ಬರು ಇರಲೇಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾನೂ ಹೇಳುತ್ತಿರಲಿಲ್ಲ.

ನಾನು ಪಟ್ಟಿಯವನು. ಮನೆ ಎರಡಾದಾಗ, ಬೇರೆ ಮನೆ ಕಟ್ಟಲು ಜಾಗವಿಲ್ಲದಾಗ, ದಿನಗಳನ್ನು ಹಂಚಿಕೊಳ್ಳೋಣ ಅಂತ ಜನ ತೀರ್ಮಾನಿಸಿದಾಗ ನನ್ನನ್ನು ಕರೆಸುತ್ತಾರೆ. ನಾನು ಹೋಗಿ ಡಿಸ್ಕನ್ನು ಎರಡು ಪಾಲು ಮಾಡುತ್ತೇನೆ, ನಡುವೆ ಇಬ್ಬರಿಗೂ ಸೇರಿದ ಉಗ್ರಾಣವೊಂದನ್ನು ಬಿಡುತ್ತೇನೆ, ಪಟ್ಟಿ ಬರೆಯುತ್ತೇನೆ. ಕೆಲಸದ ಕ್ರಮ ನನ್ನ ಗುರು ಹೇಳಿಕೊಟ್ಟದ್ದು, ಇವತ್ತಿಗೂ ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುತ್ತೇನೆ. ಮೊದಲು ಎಲ್ಲವನ್ನೂ ನಕಲು ಮಾಡು. ಆಮೇಲೆ ಪೂರ್ತಿ ಮುಚ್ಚು. ಆಮೇಲೆ ಕತ್ತರಿಸು. ಆಮೇಲೆ ಹೆಸರು ಬರೆ. ಆಮೇಲೆ ಮೂರು ನಸುಕು ಜಗಲಿಯಲ್ಲಿ ಕೂತು ಕಾಯಿ, ಪಟ್ಟಿಯನ್ನು ಮುಟ್ಟಬೇಡ.

ಈ ಕೆಲಸ ಮಾಡಿ ಮಾಡಿ ನನಗೆ ಮನುಷ್ಯರ ಮೇಲೆ ಸಿಟ್ಟೂ ಉಳಿದಿಲ್ಲ, ಪ್ರೀತಿಯೂ ಅಷ್ಟಕ್ಕಷ್ಟೆ. ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಮೊದಲ ಸಾಲಿನಲ್ಲಿ ಯಾರ ಹೆಸರು? ಅದಕ್ಕಾಗಿ ಕಣ್ಣೀರು ಹಾಕಿದವರನ್ನು ನೋಡಿದ್ದೇನೆ, ದೇವರ ಮೇಲೆ ಆಣೆ ಮಾಡಿದವರನ್ನು ನೋಡಿದ್ದೇನೆ. ಯಾರು ಒತ್ತುತ್ತಾರೆ ಅಂತ ಒಬ್ಬರೂ ಕೇಳಿದ್ದಿಲ್ಲ.

ಒಂದು ಮಧ್ಯಾಹ್ನ ನನ್ನ ಬಾಗಿಲಿಗೆ ಒಬ್ಬ ಹೆಂಗಸು ಬಂದು ನಿಂತಳು. ಸೆರಗಿಗೆ ಮಸಿ ಮೆತ್ತಿತ್ತು. ನಿಂತವಳು ಹಾಗೇ ಬಾಗಿಲಿನ ಚೌಕಟ್ಟಿಗೆ ಒರಗಿ ಕಣ್ಣು ಮುಚ್ಚಿದಳು. ನಾನು ಮಾತಾಡಿಸುವವರೆಗೂ ತೆರೆಯಲಿಲ್ಲ.

"ಯಾರು ಬೇಕಿತ್ತಮ್ಮ?" ಅಂದೆ.

"ನಾನು. ಕೊನೇ ಬೀದಿ ಮನೆಯವಳು. ನಮ್ಮನೆ ಪಟ್ಟಿ ನೀವೇ ಬರೆದಿದ್ದು."

ಕೊನೇ ಬೀದಿಯ ಮನೆ ನನಗೆ ನೆನಪಿತ್ತು. ಅಣ್ಣ ತಮ್ಮ ಇಬ್ಬರು, ಇಬ್ಬರಿಗೂ ಮದುವೆಯಾಗಿತ್ತು, ಒಬ್ಬರ ಮುಖ ಒಬ್ಬರಿಗೆ ಆಗುತ್ತಿರಲಿಲ್ಲ. ಒಂದು ದಿನ ದೊಡ್ಡವನದು, ಒಂದು ದಿನ ಚಿಕ್ಕವನದು ಅಂತ ಸರದಿ ಹಾಕಿಕೊಟ್ಟು ಬಂದಿದ್ದೆ. ಬಹಳ ವರ್ಷಗಳ ಮಾತು.

"ನೀವು ಅವರ ತಾಯಿಯಾ?" ಅಂದೆ.

"ಅಕ್ಕ," ಅಂದಳು. "ದೊಡ್ಡವನಿಗಿಂತ ಎರಡು ವರ್ಷ ದೊಡ್ಡೋಳು. ಅವತ್ತು ನೀವು ಡಿಸ್ಕು ಕತ್ತರಿಸೋವಾಗ ಟಾರ್ಚ್ ಹಿಡ್ಕೊಂಡು ನಿಂತಿದ್ದೆನಲ್ಲ, ನಾನೇ ಅದು. ಸ್ವಲ್ಪ ಈ ಕಡೆ ಹಿಡಿಯಮ್ಮ ಅಂದಿದ್ರಿ."

ನನಗೆ ಆ ಟಾರ್ಚಿನ ಬೆಳಕು ನೆನಪಾಯಿತು, ಹಿಡಿದ ಕೈ ನೆನಪಾಗಲಿಲ್ಲ. ಮನೆಯಲ್ಲಿ ಎಷ್ಟು ಪಾಲು ಅಂತ ಅವತ್ತು ನಾನು ಕೇಳಿದ್ದೆ. ಎರಡು ಅಂದರು. ಎರಡು ಬರೆದೆ. ಮಗ್ಗುಲಲ್ಲೇ ಮೂರನೆಯವಳು ನನಗೆ ದೀಪ ಹಿಡಿದು ನಿಂತಿದ್ದಳು, ನಾನು ಆ ಬೆಳಕಿನಲ್ಲೇ ಅವಳನ್ನು ಬಿಟ್ಟು ಬರೆದೆ. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಸರದಿಯಿಲ್ಲ, ಸರದಿಯಿಲ್ಲದವರಿಗೆ ಮಲಗುವ ದಿನವೂ ಇಲ್ಲ. ತಮ್ಮಂದಿರಿಬ್ಬರೂ ದಿನ ಬಿಟ್ಟು ದಿನ ಬದುಕಿದರು. ಅಕ್ಕ ಎರಡೂ ದಿನ ಬದುಕಿದಳು. ಅವರಿಗೆ ಹತ್ತು ವರ್ಷ ಕಳೆಯುವಷ್ಟರಲ್ಲಿ ಅವಳಿಗೆ ಇಪ್ಪತ್ತು ವರ್ಷ ಕಳೆದಿತ್ತು. ಅದಕ್ಕೇ ಅವಳು ಅವರ ತಾಯಿಯ ಹಾಗೆ ಕಾಣುತ್ತಿದ್ದಳು.

"ಏನಾಗ್ಬೇಕಿತ್ತು ಹೇಳಿ ಅಕ್ಕ," ಅಂದೆ.

"ನನ್ನ ಕೈ ಏಳ್ತಾ ಇಲ್ಲ. ಮೊನ್ನೆ ಚಿಕ್ಕವನ ಸರದಿ. ಪಟ್ಟಿ ಮುಂದೆ ಕೂತಿದ್ದೆ, ಎಣಿಕೆ ನೋಡ್ತಾನೂ ಇದ್ದೆ. ಒಂಬತ್ತಕ್ಕೆ ಕೈ ಕೀಲಿಗೆ ಹೋಯ್ತು. ಅದರ ಹಿಂದಿನ ವಾರ ಎರಡು ಸಲ ಹೋಗಲೇ ಇಲ್ಲ. ಅವನ ದಿನದಲ್ಲಿ ದೊಡ್ಡವನು ಎದ್ದುಬಿಟ್ಟ. ದೊಡ್ಡವನಿಗೆ ಗೊತ್ತಾಯ್ತು, ಏನೂ ಅನ್ನಲಿಲ್ಲ, ಎರಡು ದೋಸೆ ಜಾಸ್ತಿ ತಿಂದ. ಚಿಕ್ಕವನಿಗೆ ಇನ್ನೂ ಗೊತ್ತಿಲ್ಲ." ಸೆರಗಿನ ಮಸಿ ಒರೆಸಿಕೊಳ್ಳುತ್ತ ಅಂದಳು, "ನಾನು ಒಂದಿನ ಅಲ್ಲೇ ಬಿದ್ದೋದ್ರೆ ಚಿಕ್ಕವನು ಮತ್ತೆ ಏಳೋದೇ ಇಲ್ಲ. ಅದೊಂದೇ ನನಗೆ ಭಯ."

"ಸರದಿ ತಾನಾಗೇ ಬದಲಾಗೋ ಹಾಗೆ ಮಾಡೋಕೆ ಬರಲ್ಲ ಅಕ್ಕ. ಪಟ್ಟಿಗೆ ಸರದಿ ಗೊತ್ತಿಲ್ಲ. ಅದಕ್ಕೆ ಮೊದಲ ಸಾಲು ಮಾತ್ರ ಗೊತ್ತು."

"ಹಂಗಾದ್ರೆ ನನಗೆ ನಿದ್ದೆಗೆ ಏನಾದ್ರೂ ಮಾಡ್ಕೊಡಿ," ಅಂದಳು. "ಒಂದಿನ ಸಾಕು. ಒಂದಿನ ಮಲಗಿ ಎದ್ರೆ ಮತ್ತೆ ಕೈ ಬರುತ್ತೆ."

ನಾನು ಚೀಲ ಹೆಗಲಿಗೆ ಹಾಕಿಕೊಂಡು ಅವಳ ಹಿಂದೆ ಹೊರಟೆ. ಅವಳು ನಡೆಯುತ್ತಲೇ ನಿದ್ದೆ ಮಾಡುತ್ತಿದ್ದಳು. ತಿರುವು ಬಂದಾಗ ಮಾತ್ರ ಕಣ್ಣು ತೆರೆಯುತ್ತಿದ್ದಳು.

ಆ ದಿನ ಚಿಕ್ಕವನದು. ಮನೆಯಲ್ಲಿ ಚಿಕ್ಕವನ ಪರದೆಗಳು, ಚಿಕ್ಕವನ ಕುರ್ಚಿಗಳು, ಚಿಕ್ಕವನ ಹೆಂಡತಿ ಹಾಕಿದ ರಂಗೋಲಿ. ಗೋಡೆಯ ಗಡಿಯಾರದ ಕೆಳಗೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಒಂದು ಕೋಲು. ಏನಿದು ಅಂತ ಕೇಳಿದೆ. ದೊಡ್ಡವನು ಗಡಿಯಾರವನ್ನು ಮನೆಯ ಹೊತ್ತಿಗೆ ಇಡುತ್ತಾನಂತೆ, ಚಿಕ್ಕವನು ಲೋಕದ ಹೊತ್ತಿಗೆ, ಅಂದರೆ ಕಡಲಾಚೆಯ ಗಡಿಯಾರಕ್ಕೆ ಸರಿಯಾಗಿ ಇಡುತ್ತಾನಂತೆ. ಎರಡಕ್ಕೂ ಐದೂವರೆ ಗಂಟೆ ಅಂತರ. ಪ್ರತಿ ನಸುಕಿನಲ್ಲೂ ಅಕ್ಕ ಸ್ಟೂಲು ಹತ್ತಿ ಕೋಲಿನಿಂದ ಮುಳ್ಳು ತಿರುಗಿಸಬೇಕು. ಒಂದು ದಿನ ಐದೂವರೆ ಗಂಟೆ ಮುಂದಕ್ಕೆ, ಒಂದು ದಿನ ಐದೂವರೆ ಗಂಟೆ ಹಿಂದಕ್ಕೆ. "ಹಂಗಾಗಿ ನನ್ನ ಊಟಕ್ಕೆ ಹೊತ್ತಿಲ್ಲ," ಅಂದಳು. "ಒಂದೊಂದಿನ ಮಧ್ಯಾಹ್ನ ಎರಡು ಸಲ ಬರುತ್ತೆ. ಒಂದೊಂದಿನ ಬರೋದೇ ಇಲ್ಲ."

ಚಿಕ್ಕವನು ಮಾತಿನಲ್ಲಿ ಬಹಳ ಸವಿ. ನನ್ನನ್ನು ಕೂರಿಸಿ ಕಾಫಿ ಕೊಡಿಸಿದ. ಕಾಫಿ ತಂದವಳು ಅಕ್ಕ.

"ಎಣಿಕೆ ಹತ್ತು ಬಹಳ ಕಡಿಮೆ ಆಯ್ತು ಇವರೇ," ಅಂದ. "ಮೂವತ್ತು ಮಾಡಿಬಿಡಿ. ನನಗೋಸ್ಕರ ಅಲ್ಲ, ಅಕ್ಕನಿಗೆ ಅನುಕೂಲ ಆಗ್ಲಿ ಅಂತ. ಪಾಪ, ಆತುರ ಆತುರವಾಗಿ ಒತ್ತಬೇಕಾಗುತ್ತೆ."

"ಅಕ್ಕನಿಗೇ ಒಂದು ಹೆಸರು ಬರೆದರೆ ಹೇಗೆ?" ಅಂದೆ. ಬಾಯಿಗೆ ಬಂದ ಮೇಲೆ ನನಗೇ ಅಚ್ಚರಿಯಾಯಿತು. ಅಲ್ಲಿಯವರೆಗೆ ನಾನು ಅದನ್ನು ಯೋಚಿಸಿರಲಿಲ್ಲ.

"ಬರೀರಿ ಬರೀರಿ, ಧಾರಾಳವಾಗಿ ಬರೀರಿ. ಅವಳಿಗಿಲ್ಲದ್ದು ಇನ್ಯಾರಿಗೆ?"

"ಹೆಸರು ಬರೀಬೇಕಾದ್ರೆ ಅದಕ್ಕೊಂದು ಪಾಲು ಬೇಕು. ನಿಮ್ಮದರಲ್ಲಿ ಒಂದು ಕೋಣೆಯಷ್ಟು ಬಿಟ್ಟುಕೊಟ್ರೆ ಸಾಕು."

ಚಿಕ್ಕವನು ಕಾಫಿ ಲೋಟದೊಳಗೆ ನೋಡಿದ. "ನನ್ನದು ಆಗಲೇ ತುಂಬಿಹೋಗಿದೆ. ಅವನ ಹತ್ತಿರ ಜಾಗ ಬೇಕಾದಷ್ಟಿದೆ. ಅವನನ್ನು ಕೇಳಿ ನೋಡಿ. ನಾನಂತೂ ಬೇಡ ಅನ್ನೋನಲ್ಲ." ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಇವನಿಂದ ಕಲಿಯಬೇಕು ಅಂದುಕೊಂಡೆ. ಅಕ್ಕ ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದಳು.

ಸಂಜೆ ಚಿಕ್ಕವನ ಮನೆ ಮುಚ್ಚಿತು. ಪರದೆಗಳು ಹೋದವು, ಕುರ್ಚಿಗಳು ಹೋದವು. ಅಕ್ಕ ರಂಗೋಲಿ ಒರೆಸಿ ನೆಲ ಸಾರಿಸಿದಳು, ಬೆಳಗ್ಗೆ ದೊಡ್ಡವನ ಹೆಂಡತಿಗೆ ಓರಗಿತ್ತಿಯ ಗೆರೆ ಕಾಣಬಾರದು. ಒಂದು ಒಲೆಯ ಬೂದಿ ತೆಗೆದು ಇನ್ನೊಂದು ಒಲೆಗೆ ಸೌದೆ ಜೋಡಿಸಿದಳು. ಒಂದು ಹಿಟ್ಟು ಮುಚ್ಚಿಟ್ಟು ಇನ್ನೊಂದು ಹಿಟ್ಟು ರುಬ್ಬಿದಳು. ಆಮೇಲೆ ಕಂಪ್ಯೂಟರಿನ ಮುಂದೆ ಬಂದು ಗೋಡೆಗೆ ಒರಗಿ ಕೂತಳು. ಅವಳ ನಿದ್ದೆ ಅಂದರೆ ಅಷ್ಟೇ, ಕೂತಲ್ಲೇ ಕಣ್ಣು ಮುಚ್ಚುವುದು.

ನಸುಕಿನಲ್ಲಿ ಪಟ್ಟಿ ಮೂಡಿತು. ದೊಡ್ಡವನು ಮೊದಲ ಸಾಲು. ಅವನಿಗೆ ಯಾರೂ ಒತ್ತಬೇಕಾಗಿಲ್ಲ, ಎಣಿಕೆ ಮುಗಿದರೆ ತಾನಾಗಿ ಏಳುತ್ತಾನೆ. ಆದರೂ ಅಕ್ಕ ಎಣಿಕೆ ಎರಡಾಗುವಷ್ಟರಲ್ಲಿ ಕೀಲಿ ಒತ್ತಿದಳು. ಯಾಕೆ ಅಂತ ಕೇಳಿದೆ. "ಉಳಿದ ಎಂಟರಷ್ಟು ಹೊತ್ತು ಅವನು ಕಾಯೋದು ಯಾಕೆ?" ಅಂದಳು.

ದೊಡ್ಡವನದು ನೇರ ಮಾತು. ನಾನು ಬಂದ ವಿಷಯ ಕೇಳಿದ ಮೇಲೆ ಎಣಿಕೆ ಮೂರು ಸಾಕು ಅಂದ. ಒತ್ತುವವಳಿಗೆ ಒತ್ತುವ ಮನಸ್ಸಿದ್ದರೆ ಮೂರರಲ್ಲೇ ಒತ್ತುತ್ತಾಳಂತೆ. ಅಕ್ಕನ ಹೆಸರಿನ ಮಾತೆತ್ತಿದೆ.

"ಅವಳಿಗ್ಯಾಕ್ರೀ ಹೆಸರು?" ಅಂದ. ಸಿಟ್ಟಿನಿಂದಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ. "ಅವಳು ಮನೆಯೋಳು. ಹೆಸರು ಬರೆದುಕೊಳ್ಳೋದು ಪಾಲಿಗೆ ಬಂದೋರು. ಅವಳೇನು ಪಾಲಿಗೆ ಬಂದಿದಾಳಾ?"

"ಅವರಿಗೆ ನಿದ್ದೆಯಿಲ್ಲ."

"ವಯಸ್ಸಾಯ್ತು, ನಿದ್ದೆ ಬರಲ್ಲ. ನಮ್ಮಮ್ಮನೂ ಹಂಗೇ ಇದ್ಲು."

"ಅವರು ನಿಮಗಿಂತ ಎರಡು ವರ್ಷ ದೊಡ್ಡೋರಷ್ಟೆ."

ದೊಡ್ಡವನು ಅಕ್ಕನ ಕಡೆ ತಿರುಗಿದ. ಅವಳು ಬಾಗಿಲ ಹತ್ತಿರ ಅವನ ಚಪ್ಪಲಿಗೆ ಎಣ್ಣೆ ಸವರುತ್ತಿದ್ದಳು. ಅವನ ಮುಖದಲ್ಲಿ ಏನೋ ಬಂದು ಹೋಯಿತು. ಬಂದದ್ದು ಏನು ಅಂತ ಅವನಿಗೇ ತಿಳಿಯುವ ಮೊದಲು ಹೋಯಿತು. "ನನ್ನ ಪಾಲಲ್ಲಿ ಒಂದು ಗೇಣೂ ಕೊಡಲ್ಲ," ಅಂದ. "ಏನಾದ್ರೂ ಮಾಡಿದ್ರಿ ಅಂತಿಟ್ಕೊಳ್ಳಿ, ಮುಂದಿನ ಸಲ ನಾನು ಎದ್ದಾಗ ಸುಣ್ಣ ಹೊಡೆಸ್ತೀನಿ. ಅಷ್ಟೆ."

ಸುಣ್ಣ ಅಂದ ಕೂಡಲೇ ಅಕ್ಕನ ಕೈ ನಿಂತಿತು. ಎದ್ದವರು ತಮ್ಮ ಪಾಲಿಗೆ ಸುಣ್ಣ ಹೊಡೆಸಿದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ, ಪಟ್ಟಿಯ ಮೇಲೂ ಹರಿಯುತ್ತದೆ. ಉಳಿದ ಹೆಸರೆಲ್ಲ ಅಳಿಸಿ ಅವರದೊಂದೇ ಉಳಿಯುತ್ತದೆ. ಹಿಂದೊಮ್ಮೆ ಹಾಗಾಗಿತ್ತಂತೆ. ನಾನು ಪರವೂರಿಗೆ ಹೋಗಿದ್ದೆ, ಇನ್ನೊಬ್ಬ ಪಟ್ಟಿಯವನು ಬಂದು ಸರಿಮಾಡುವವರೆಗೆ ಚಿಕ್ಕವನು ನಾಲ್ಕು ತಿಂಗಳು ಎದ್ದಿರಲಿಲ್ಲ. ಗೋಡೆಗೆ ಕಿವಿಯಿಟ್ಟು ಅವನ ಉಸಿರು ಕೇಳುತ್ತಿದ್ದವಳು ಅಕ್ಕ ಒಬ್ಬಳೇ.

ದೊಡ್ಡವನಿಗೆ ಇನ್ನೊಂದು ಅಭ್ಯಾಸವಿತ್ತು. ಅವನು ಪೂರ್ತಿ ಮಲಗುತ್ತಿರಲಿಲ್ಲ. ಬೇಗ ಏಳಬಹುದು ಅಂತ ಅರ್ಧ ಕಣ್ಣು ತೆರೆದುಕೊಂಡು, ಒಂದು ಕಾಲನ್ನು ಉಗ್ರಾಣದ ಬಾಗಿಲಿಗೆ ಅಡ್ಡ ಇಟ್ಟು ಒರಗುತ್ತಿದ್ದ. ಅವನು ಹಾಗಿರುವಾಗ ಉಗ್ರಾಣದ ಸಾಮಾನನ್ನು ಬೇರೆಯವರು ನೋಡಬಹುದು, ಮುಟ್ಟುವಂತಿಲ್ಲ. ಅವತ್ತು ಸಂಜೆ ನಾನು ಬಿಗಿಯಾಗಿ ಹೇಳಿದೆ. "ಪಟ್ಟಿಗೆ ಕೈ ಹಾಕ್ತಾ ಇದೀನಿ. ನೀವು ಪೂರ್ತಿ ಮುಚ್ಚದಿದ್ರೆ ನಿಮ್ಮ ಪಾಲಿನ ಸಾಮಾನೇ ಚೂರುಚೂರಾಗುತ್ತೆ. ಆಮೇಲೆ ನನ್ನನ್ನು ಕೇಳಬೇಡಿ." ಇದು ಸುಳ್ಳಲ್ಲ. ದೊಡ್ಡವನು ಗೊಣಗುತ್ತ ಕಾಲು ಒಳಗೆಳೆದುಕೊಂಡು ಪೂರ್ತಿ ಮಲಗಿದ. ಮದುವೆಯಾದ ಮೇಲೆ ಅದೇ ಮೊದಲ ಸಲವಂತೆ.

ಹೊರಗೆ ಇನ್ನೂ ಸಂಜೆಯ ಬೆಳಕಿತ್ತು. ನಾನು ಚೀಲ ಬಿಚ್ಚಿದೆ. ಅಕ್ಕ ಅಭ್ಯಾಸದಂತೆ ಟಾರ್ಚ್ ತಂದು ಪಕ್ಕದಲ್ಲಿ ನಿಂತಳು. ನಾನು ಅವಳ ಕೈಯಿಂದ ಅದನ್ನು ತೆಗೆದುಕೊಂಡು ಹಲ್ಲಿನಲ್ಲಿ ಕಚ್ಚಿಕೊಂಡೆ, ಕೂತುಕೊಳ್ಳಿ ಅಂತ ಕೈಸನ್ನೆ ಮಾಡಿದೆ. ಅವಳಿಗೆ ಬರಿಗೈಯಲ್ಲಿ ಕೂರುವುದು ಬರಲಿಲ್ಲ. ಸೆರಗಿನ ಚುಂಗನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

ಮೊದಲು ಎಲ್ಲವನ್ನೂ ನಕಲು ಮಾಡಿದೆ. ಎರಡು ಪಾಲೂ ಪೂರ್ತಿ ಮುಚ್ಚಿವೆ ಅಂತ ನೋಡಿದೆ. ಕತ್ತರಿಸಲು ಮಾತ್ರ ಜಾಗವಿರಲಿಲ್ಲ. ಒಬ್ಬನು ನಗುನಗುತ್ತ ಕೊಟ್ಟಿರಲಿಲ್ಲ, ಇನ್ನೊಬ್ಬನು ಕಡ್ಡಿ ಮುರಿದ ಹಾಗೆ ಹೇಳಿ ಕೊಟ್ಟಿರಲಿಲ್ಲ. ಪಾಲುಗಳ ಅಂಚನ್ನು ಬೆರಳಿನಲ್ಲಿ ಸವರುತ್ತ ಹೋದೆ. ದೊಡ್ಡವನದು ಮುಗಿದು ಉಗ್ರಾಣ ಶುರುವಾಗುವ ಕಡೆ ಒಂದು ಚೂರು ಸಿಕ್ಕಿತು. ಬಟ್ಟೆ ಕತ್ತರಿಸುವವರ ಹತ್ತಿರ ಉಳಿಯುತ್ತದಲ್ಲ, ಯಾವ ಅಂಗಿಗೂ ಸೇರದ ಪಟ್ಟೆ, ಅಂಥದ್ದು. ಅವತ್ತು ನಾನೇ ಅಳತೆ ಸರಿಹೊಂದಿಸಲು ಬಿಟ್ಟದ್ದು. ಯಾರ ಲೆಕ್ಕಕ್ಕೂ ಬಂದಿರಲಿಲ್ಲ.

"ಸಣ್ಣದು ಅಕ್ಕ," ಅಂದೆ. "ಒಂದು ಚಾಪೆ ಹಾಸಬಹುದು. ಒಲೆಗೆ ಜಾಗವಿಲ್ಲ, ಒಲೆ ಇವರದೇ ಯಾವುದಾದ್ರೂ ಬಳಸ್ಬೇಕು. ಉಗ್ರಾಣ ಹೆಂಗೂ ಎಲ್ಲರದು."

"ಚಾಪೆ ಸಾಕು," ಅಂದಳು.

"ಏನಂತ ಬರೀಲಿ? ಅಕ್ಕ ಅಂತ ಬರೀಲಾ?"

ಅವಳು ಬೇಡ ಅಂತ ಕೈಯಾಡಿಸಿದಳು. "ಅಕ್ಕ ಅನ್ನೋದು ಅವರು ಕರೆಯೋದು. ನನಗೆ ಬೇರೆ ಹೆಸರಿದೆ." ಆಮೇಲೆ ಬಗ್ಗಿ, ಗೋಡೆಯಾಚೆಯವರಿಗೆ ಕೇಳಿಸಬಾರದು ಅನ್ನುವ ಹಾಗೆ ಮೆಲ್ಲಗೆ ಹೇಳಿದಳು. ಚಂದದ ಹೆಸರು. ಪಟ್ಟಿಗೆ ಅಂತ ಹೇಳಿದ್ದನ್ನು ನಾನು ಬೇರೆಯವರಿಗೆ ಹೇಳುವುದಿಲ್ಲ.

ಅದನ್ನು ಮೊದಲ ಸಾಲಿನಲ್ಲಿ ಬರೆದೆ. ಅವಳಿಗೆ ಗಾಬರಿಯಾಯಿತು. "ಅಯ್ಯೋ, ಅಲ್ಲಿ ಬೇಡ. ಕೆಳಗೆ, ಎಲ್ಲರ ಕೆಳಗೆ ಹಾಕಿ."

"ಕೆಳಗೆ ಹಾಕಿದ್ರೆ ನೀವು ಮಲಗೋದಕ್ಕೂ ನೀವೇ ಎದ್ದು ಒತ್ಬೇಕಾಗುತ್ತೆ. ಕೈ ಎತ್ತದೆ ಸಿಗೋದು ಮೊದಲ ಸಾಲೊಂದೇ ಅಕ್ಕ. ಅದಕ್ಕೇ ಎಲ್ಲರೂ ಅದಕ್ಕೆ ಹೊಡೆದಾಡೋದು. ನೀವೇನೂ ಮಾಡಬೇಡಿ. ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರಿ, ಅಷ್ಟೆ."

"ಅಷ್ಟೇನಾ," ಅಂದಳು. ಅದು ಬಹಳ ಸುಲಭ ಅಂತ ಇಬ್ಬರಿಗೂ ಅನ್ನಿಸಿತು. ಮನೆಯೊಂದು ಮೂರು ಬಾಗಿಲು ಅಂತ ಜನ ಆಡಿಕೊಳ್ಳುತ್ತಾರೆ. ಆ ಮೂರನೆಯ ಬಾಗಿಲು ಇಲ್ಲದೆ ಒಬ್ಬಳು ಅಷ್ಟು ವರ್ಷ ಹೊರಗೆ ನಿಂತಿದ್ದಳು ಅನ್ನುವುದನ್ನು ಆಡಿಕೊಳ್ಳುವವರು ನೋಡಿರುವುದಿಲ್ಲ. ನಾನು ಕಂಪ್ಯೂಟರಿಗೆ ಕೆಂಪು ಬಟ್ಟೆ ಹೊದಿಸಿ ಜಗಲಿಗೆ ಬಂದೆ. ಇನ್ನು ಮೂರು ನಸುಕು ನಾನು ಪಟ್ಟಿಯನ್ನು ಮುಟ್ಟುವಂತಿರಲಿಲ್ಲ.

ಮೊದಲ ನಸುಕು ಚಿಕ್ಕವನ ಸರದಿ. ಕಿಟಕಿಯಿಂದ ನೋಡಿದೆ. ಪರದೆಯ ಮೇಲೆ ಮೂರು ಹೆಸರು. ಅಕ್ಕ ಕಾಲು ಮಡಚಿ ಕೂತು ತನ್ನ ಹೆಸರನ್ನು ಓದಿದಳು. ಎಣಿಕೆ ನಾಲ್ಕು ಮುಟ್ಟಿದಾಗ ಅವಳ ಕೈ ಎದ್ದು ಹೋಗಿ ಚಿಕ್ಕವನನ್ನು ಒತ್ತಿಬಿಟ್ಟಿತು. ಅವಳು ಕೈಯನ್ನು ನೋಡಿಕೊಂಡಳು. ಎರಡು ಸಲ ಏಳದೆ ಇದ್ದದ್ದು ಅದೇ ಕೈ. ಆ ದಿನ ಪೂರ್ತಿ ಚಿಕ್ಕವನಿಗೆ ಅಡುಗೆ ಮಾಡಿದಳು, ಬಡಿಸಿದಳು, ರಂಗೋಲಿ ಒರೆಸಿದಳು. ನನ್ನ ಮುಂದೆ ಹಾದುಹೋಗುವಾಗ "ಅಭ್ಯಾಸ" ಅಂದಳು. ನನಗೆ ಅಳು ಬರುವ ಹಾಗಿತ್ತು.

ಎರಡನೆಯ ನಸುಕು ದೊಡ್ಡವನ ಸರದಿ. ಅವನು ಎದ್ದರೆ ಸುಣ್ಣ ಹೊಡೆಸುತ್ತಾನೆ. ಸುಣ್ಣ ಹೊಡೆಸಿದರೆ ಸಂಜೆಯೊಳಗೆ ಅವಳ ಹೆಸರು ಅಳಿಸಿಹೋಗುತ್ತದೆ, ಚಿಕ್ಕವನದೂ ಹೋಗುತ್ತದೆ. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಜಗಲಿಯಿಂದ ಎದ್ದು ಬಾಗಿಲಿಗೆ ಬಂದು ನಿಂತೆ. ಅದಕ್ಕಿಂತ ಮುಂದೆ ಹೋಗುವಂತಿರಲಿಲ್ಲ.

ಪಟ್ಟಿ ಮೂಡಿತು. ಅವಳು ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಳು.

ಒಂದು, ಎರಡು, ಮೂರು. "ಅವನಿಗೆ ಇವತ್ತು ತಲೆಗೆ ನೀರು ಹಾಕ್ಬೇಕಿತ್ತು," ಅಂದಳು.

ನಾಲ್ಕು, ಐದು. "ಹಿಟ್ಟು ರುಬ್ಬಿಟ್ಟಿದೀನಿ. ಹುಳಿ ಬಂದುಬಿಡುತ್ತೆ."

ಆರು. ಬಲಗೈ ತೊಡೆಯ ಕೆಳಗಿನಿಂದ ಹೊರಗೆ ಬಂತು. ಏಳು. ಕೀಲಿಯ ಮೇಲೆ ಹೋಗಿ ನಿಂತಿತು. "ಪಟ್ಟಿಯವರೇ, ಸ್ವಲ್ಪ ಹಿಡ್ಕೊಳ್ಳಿ," ಅಂದಳು. ನನಗೆ ಹಿಡಿಯಬೇಕು ಅನ್ನಿಸಿತು. ಕಸುಬಿನ ಕಟ್ಟಳೆ ಬಿಡಲಿಲ್ಲ. ಕಟ್ಟಳೆಗೆ ಬೆಂಕಿ ಬೀಳಲಿ ಅಂತ ಒಂದು ಹೆಜ್ಜೆ ಒಳಗಿಟ್ಟೆ, ಆದರೆ ತಲುಪುವಷ್ಟು ಹೊತ್ತಿರಲಿಲ್ಲ.

ಎಂಟು. "ಅವನೂ ನನ್ನ ಕೈಯಲ್ಲೇ ಬೆಳೆದೋನು," ಅಂದಳು. ಒಂಬತ್ತು. ಅವಳು ಎಡಗೈಯಿಂದ ಬಲಗೈಯನ್ನು ಹಿಡಿದು, ಹಟಮಾಡುವ ಮಗುವನ್ನು ಎಳೆದುಕೊಳ್ಳುವ ಹಾಗೆ ಮಡಿಲಿಗೆ ಎಳೆದುಕೊಂಡಳು.

ಹತ್ತು.

ಅವಳ ಹೆಸರು ತೆರೆಯಿತು. ಮನೆ ಅದೇ, ಆದರೆ ಪರದೆಗಳಿಲ್ಲ, ಕುರ್ಚಿಗಳಿಲ್ಲ, ಚಪ್ಪಲಿಗಳಿಲ್ಲ. ಎರಡು ಒಲೆಯೂ ತಣ್ಣಗಿದ್ದವು. ಗೋಡೆಯ ಆ ಬದಿಯಲ್ಲಿ ಒಬ್ಬನ ಉಸಿರು, ಈ ಬದಿಯಲ್ಲಿ ಇನ್ನೊಬ್ಬನ ಉಸಿರು. ನಡುಮನೆಯ ಕಂಬದ ಪಕ್ಕ ಒಂದು ಚಾಪೆಯಗಲ ಜಾಗ. ಗಡಿಯಾರ ಅವರಿಬ್ಬರಲ್ಲಿ ಯಾರದೋ ಹೊತ್ತನ್ನು ತೋರಿಸುತ್ತಿತ್ತು. ಅವಳು ಕೋಲಿನ ಕಡೆ ನೋಡಿದಳು, ತೆಗೆದುಕೊಳ್ಳಲಿಲ್ಲ.

"ನಾಳೆ ಬೆಳಗ್ಗೆ ಏನ್ಮಾಡ್ಲಿ?" ಅಂದಳು.

"ಒತ್ತಬೇಕು ಅನ್ನಿಸಿದ್ರೆ ಒತ್ತಿ. ಇಲ್ಲದಿದ್ರೆ ಸುಮ್ಮನಿರಿ."

ಚಾಪೆ ಹಾಸಿ ಮಲಗಿದಳು. ಮಲಗಿದ ಕೂಡಲೇ ನಿದ್ದೆ ಬಂತು. ಮೂರನೆಯ ನಸುಕಿನಲ್ಲಿ ಪಟ್ಟಿ ಮೂಡಿತು, ಹತ್ತು ಎಣಿಸಿತು, ಯಾರೂ ಒತ್ತಲಿಲ್ಲ, ಅವಳದೇ ತೆರೆಯಿತು. ನನ್ನ ಕಾವಲು ಅಲ್ಲಿಗೆ ಮುಗಿದಿತ್ತು, ಹೊರಡಬಹುದಿತ್ತು. ಹೊರಡಲಿಲ್ಲ. ನಾಲ್ಕನೆಯ ನಸುಕಿನಲ್ಲೂ ಪಟ್ಟಿ ಹತ್ತು ಎಣಿಸಿತು. ಅವಳು ಮಗ್ಗುಲು ಬದಲಿಸಿದಳು, ಅಷ್ಟೆ. ನಡುನಡುವೆ ನಾನು ಹೋಗಿ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿ ಬರುತ್ತಿದ್ದೆ. ಬೀದಿಯಲ್ಲಿ ಹೋಗುವವರು ಯಾಕೆ ಮನೆಯಲ್ಲಿ ಯಾರೂ ಎದ್ದಿಲ್ಲವಾ ಅಂತ ಕೇಳಿದರು. ಮನೆಯವರು ಮಲಗಿದ್ದಾರೆ ಅಂದೆ.

ಐದನೆಯ ದಿನ ನಡುಮಧ್ಯಾಹ್ನ, ಅಂಗಳದಲ್ಲಿ ನೆರಳು ಕಾಲಿನ ಕೆಳಗೇ ಇದ್ದಾಗ, ಅವಳು ಎದ್ದಳು. ಮುಖ ತೊಳೆದುಕೊಂಡಳು. ಮುಖ ಒರೆಸಿಕೊಂಡು ಬಂದು ದೊಡ್ಡವನ ಗೋಡೆಯ ಹತ್ತಿರ ಸ್ವಲ್ಪ ನಿಂತಳು, ಚಿಕ್ಕವನ ಗೋಡೆಯ ಹತ್ತಿರ ಸ್ವಲ್ಪ ನಿಂತಳು.

"ಯಾವಾಗ ಎಬ್ಬಿಸ್ತೀರಿ?" ಅಂದೆ.

"ಎಬ್ಬಿಸ್ತೀನಿ. ತಮ್ಮಂದಿರಲ್ವಾ." ಕೂದಲು ಗಂಟು ಹಾಕಿಕೊಂಡಳು. "ಇವತ್ತಲ್ಲ. ಇವತ್ತು ಹೊಟ್ಟೆ ಹಸೀತಾ ಇದೆ."

ಉಗ್ರಾಣಕ್ಕೆ ಹೋದಳು. ದೊಡ್ಡವನ ಕಾಲು ಅಡ್ಡವಿರಲಿಲ್ಲ, ಬಾಗಿಲು ಸಲೀಸಾಗಿ ತೆರೆಯಿತು. ಅಕ್ಕಿಯ ಡಬ್ಬ ತೆರೆಯುವುದು ಕೇಳಿಸಿತು, ಸೇರಿನಲ್ಲಿ ಅಕ್ಕಿ ತುಂಬಿ ಮೊರಕ್ಕೆ ಸುರಿಯುವುದು ಕೇಳಿಸಿತು. ಒಂದು ಸಲ, ಎರಡು ಸಲ. ಆಮೇಲೆ ಸದ್ದು ನಿಂತಿತು. ಆಮೇಲೆ ಎಲ್ಲವನ್ನೂ ಡಬ್ಬಕ್ಕೆ ವಾಪಸು ಸುರಿಯುವುದು ಕೇಳಿಸಿತು. ಖಾಲಿ ಮೊರ ಹಿಡಿದುಕೊಂಡು ಬಾಗಿಲಿಗೆ ಬಂದಳು. ಆ ಮುಖವನ್ನು ನಾನು ಹೇಗೆ ಹೇಳಲಿ.

"ಪಟ್ಟಿಯವರೇ," ಅಂದಳು, "ಒಬ್ಬರಿಗೆ ಎಷ್ಟು ಅಕ್ಕಿ ಹಾಕ್ಬೇಕು?"

ಅಷ್ಟು ವರ್ಷ ಅವಳು ಉಂಡದ್ದು ಎರಡು ಸಂಸಾರದ ಪಾತ್ರೆಗಳಲ್ಲಿ ಉಳಿದದ್ದನ್ನು. ಒಂದೊಂದು ದಿನ ಉಳಿಯುತ್ತಿತ್ತು, ಒಂದೊಂದು ದಿನ ಇಲ್ಲ. ತನ್ನ ಹೊಟ್ಟೆಯ ಅಳತೆ ಅವಳಿಗೆ ಗೊತ್ತಿರಲಿಲ್ಲ. ಪಟ್ಟಿ ಬರೆಯಲು ಹೋದ ಮನೆಗಳಲ್ಲಿ ಹಾಕಿದ್ದನ್ನು ಉಣ್ಣುವ ನನಗೂ ಗೊತ್ತಿರಲಿಲ್ಲ.

"ನಿಮಗೆ ಹಸಿವು ಎಷ್ಟಿದೆಯೋ ಅಷ್ಟು ಹಾಕಿ ಅಕ್ಕ," ಅಂದೆ.

ಅವಳು ಒಳಗೆ ಹೋದಳು. ಸೇರನ್ನು ಬದಿಗಿಟ್ಟು ಡಬ್ಬಕ್ಕೆ ಬರಿಗೈ ಹಾಕಿ ಒಂದು ಹಿಡಿ ತೆಗೆದಳು. ಮೊರದಲ್ಲಿ ಹರಡಿ ನೋಡಿದಳು. ಆಮೇಲೆ ಇನ್ನೊಂದು ಹಿಡಿ ತೆಗೆದಳು.